ನೇಗಿಲಿಗೆ ಸಿಕ್ಕಿ ಕಳೆದುಹೋದ ಕಲ್ಮನೆ: ಸ್ಮೈತ್ ಮೆಗಾಲಿತ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಒಂದು ಹೊಲದಲ್ಲಿ 1822ರಲ್ಲಿ ಕಲ್ಲಿನ ಸಮಾಧಿಯೊಂದು ಬೆಳಕಿಗೆ ಬಂತು. ಬಂದ ಸ್ವಲ್ಪ ಕಾಲಕ್ಕೇ ಹೇಳಹೆಸರಿಲ್ಲದಂತಾಯಿತು. ಇಂದು ಅಲ್ಲಿ ಒಂದು ಕಲ್ಲೂ ನಿಂತಿಲ್ಲ, ಒಂದು ಮೂಳೆಯೂ ಉಳಿದಿಲ್ಲ. ಆದರೂ ಅದು ಪುರಾತತ್ವದ ಲೆಕ್ಕದಲ್ಲಿದೆ. ಇಬ್ಬರು ಅದನ್ನು ಹೋಗಿ ನೋಡಿದರು, ನೋಡಿದ್ದನ್ನು ಬರೆದಿಟ್ಟರು. ಈ ಪುಟಕ್ಕೆ ಕಾರಣವೇ ಆ ಬರಹ. ಹಳೆಯ ಕಲ್ಲುಗಳ ಬಗ್ಗೆ ಕುತೂಹಲ ಇರುವ ಗೆಳೆಯರು, ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ನನ್ನ ಉತ್ತರಗಳನ್ನು ಒಂದೆಡೆ ಕೂಡಿಸಿದ್ದೇನೆ.

ಸ್ಮೈತ್ ಮೆಗಾಲಿತ್ ಎಂದರೆ ಯಾವುದು? ಎಲ್ಲಿತ್ತು?

ಮೆಗಾಲಿತ್ ಎಂದರೆ ದೊಡ್ಡ ಕಲ್ಲುಗಳಿಂದ ಕಟ್ಟಿದ ಸ್ಮಾರಕ. ಲಂಡನ್ನಿನ ಆಗ್ನೇಯಕ್ಕೆ, ಮೆಡ್‌ವೇ ನದಿಯ ಪೂರ್ವ ದಂಡೆಯ ಕಡೆ, ಏಲ್ಸ್‌ಫರ್ಡ್ ಎಂಬ ಹಳ್ಳಿಯ ಬಳಿ ಇದ್ದ ನವಶಿಲಾಯುಗದ ಸಮಾಧಿ ಇದು. ವಾರನ್ ಫಾರ್ಮ್ ಎಂಬ ಜಮೀನಿಗೆ ಹೊಂದಿಕೊಂಡಿದ್ದರಿಂದ ಇದಕ್ಕೆ ‘ವಾರನ್ ಫಾರ್ಮ್ ಕೋಣೆ’ ಎಂಬ ಇನ್ನೊಂದು ಹೆಸರೂ ಇದೆ. ಕಟ್ಟಿದ್ದು ಬಹುಶಃ ಕ್ರಿಸ್ತಪೂರ್ವ ನಾಲ್ಕನೆಯ ಸಹಸ್ರಮಾನದಲ್ಲಿ, ಅಂದರೆ ಇಂದಿಗೆ ಐದೂವರೆ ಆರು ಸಾವಿರ ವರ್ಷಗಳ ಹಿಂದೆ. ಉದ್ದನೆಯ ಮಣ್ಣಿನ ದಿಬ್ಬ, ಅದರ ಪೂರ್ವದ ತುದಿಯಲ್ಲಿ ಕಲ್ಲಿನ ಕೋಣೆ, ಕೋಣೆಯೊಳಗೆ ಮನುಷ್ಯರ ಮೂಳೆಗಳು: ಇಷ್ಟು ಅದರ ರೂಪ. ಕೋಣೆಗೆ ಕನಿಷ್ಠ ಐದು ದೊಡ್ಡ ಕಲ್ಲುಗಳನ್ನು ಬಳಸಿದ್ದರು.

1822ರಲ್ಲಿ ನಿಜವಾಗಿ ನಡೆದದ್ದೇನು?

ಹೊಲ ಉಳುತ್ತಿದ್ದ ಕೂಲಿಕಾರರ ನೇಗಿಲು ಕಲ್ಲಿಗೆ ತಾಗಿತು. ಉಳುವವರಿಗೆ ಇದರಲ್ಲಿ ಹೊಸದೇನಿಲ್ಲ. ಆ ಸೀಮೆಯ ಹೊಲಗಳಲ್ಲಿ ದೊಡ್ಡ ಕಲ್ಲುಗಳು ಹುದುಗಿರುವುದು ಎಲ್ಲರಿಗೂ ತಿಳಿದಿದ್ದ ಸಂಗತಿ. ಆದರೆ ಇವು ಒಂದಕ್ಕೊಂದು ಜೋಡಿಸಿ ನಿಲ್ಲಿಸಿದ ಕಲ್ಲುಗಳು, ನಡುವೆ ಒಂದು ಕೋಣೆ. ಪಕ್ಕದ ಮೇಡ್‌ಸ್ಟನ್ ಪಟ್ಟಣಕ್ಕೆ ಸುದ್ದಿ ಮುಟ್ಟಿತು. ಹಳೆಯ ವಸ್ತುಗಳಲ್ಲಿ ಆಸಕ್ತಿಯಿದ್ದ ಕ್ಲೆಮೆಂಟ್ ಸ್ಮೈತ್ ಮತ್ತು ಥಾಮಸ್ ಚಾರ್ಲ್ಸ್ ಎಂಬ ಇಬ್ಬರನ್ನು ನೋಡಲು ಕರೆಸಿದರು. ಅವರು ಬಂದು ಪರಿಶೀಲಿಸಿದರು. ಕೋಣೆಯೊಳಗೆ ಮನುಷ್ಯರ ಮೂಳೆಗಳ ತುಣುಕುಗಳು ಕಂಡವು.

ಸ್ವಲ್ಪ ಕಾಲದಲ್ಲೇ ಕೂಲಿಕಾರರು ಕಲ್ಲುಗಳನ್ನು ಕಿತ್ತು ಎಳೆದುಹಾಕಿದರು, ಮೂಳೆಗಳು ಚೆಲ್ಲಾಪಿಲ್ಲಿಯಾದವು. ಕೆಲವು ಸಾವಿರ ವರ್ಷ ಮಣ್ಣಿನಲ್ಲಿ ಉಳಿದಿದ್ದ ಕಟ್ಟಡ, ಸಿಕ್ಕಿದ ಮೇಲೆ ಹೆಚ್ಚು ಕಾಲ ಉಳಿಯಲಿಲ್ಲ. ಆ ಕೋಣೆಯನ್ನು ಅರಿಯುವ ಕಣ್ಣಿನಿಂದ ನೋಡಿದವರು, ನಮಗೆ ಗೊತ್ತಿರುವಂತೆ, ಆ ಇಬ್ಬರೇ. ಈ ಕಥೆಯಲ್ಲಿ ನನ್ನ ಮನಸ್ಸು ಪ್ರತಿ ಬಾರಿಯೂ ತಡೆದು ನಿಲ್ಲುವುದು ಇಲ್ಲಿಯೇ.

ಸ್ಮೈತ್ ಮತ್ತು ಚಾರ್ಲ್ಸ್ ಪುರಾತತ್ವಜ್ಞರೇ?

ಅಲ್ಲ. ಅಂಥ ವೃತ್ತಿಯೇ ಆಗ ಇರಲಿಲ್ಲ. ಸ್ಮೈತ್ ತನ್ನ ಊರಿನ ಇತಿಹಾಸವನ್ನು ಕಲೆಹಾಕುತ್ತಿದ್ದವನು. ಚಾರ್ಲ್ಸ್ ವೈದ್ಯ; ಮೇಡ್‌ಸ್ಟನ್ನಿನ ಚಿಲ್ಲಿಂಗ್ಟನ್ ಮ್ಯಾನರ್ ಎಂಬ ಹಳೆಯ ಮನೆಯಲ್ಲಿದ್ದು ಪ್ರಾಚೀನ ವಸ್ತುಗಳನ್ನು ಸಂಗ್ರಹಿಸುತ್ತಿದ್ದವನು. 1855ರಲ್ಲಿ ಅವನು ತೀರಿಕೊಂಡಾಗ ಆ ಸಂಗ್ರಹವನ್ನು ಊರಿಗೇ ಬಿಟ್ಟುಹೋದ. ಅದರಿಂದಲೇ 1858ರಲ್ಲಿ, ಅದೇ ಮನೆಯಲ್ಲಿ, ಮೇಡ್‌ಸ್ಟನ್ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು.

ಅವರಿಬ್ಬರ ಕೈಯಲ್ಲಿ ಎಷ್ಟು ಕಡಿಮೆ ಸಲಕರಣೆ ಇತ್ತೆಂಬುದನ್ನು ನೆನೆಸಿಕೊಳ್ಳಬೇಕು. ಡೆನ್ಮಾರ್ಕಿನ ಥಾಮ್ಸನ್ ಕೋಪನ್‌ಹೇಗನ್ನಿನಲ್ಲಿ ವಸ್ತುಗಳನ್ನು ಕಲ್ಲು, ಕಂಚು, ಕಬ್ಬಿಣ ಎಂದು ಮೂರು ಯುಗಗಳಾಗಿ ಜೋಡಿಸುತ್ತಿದ್ದ. ಆ ವಿಚಾರ ಅಚ್ಚಾದದ್ದು 1836ರಲ್ಲಿ. ‘ಮೆಗಾಲಿತ್’ ಎಂಬ ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 1849ರಲ್ಲಿ, ‘ನವಶಿಲಾಯುಗ’ಕ್ಕೆ ಸಮನಾದ ಪದ 1865ರಲ್ಲಿ. ತಾವು ನೋಡುತ್ತಿದ್ದ ವಸ್ತುವನ್ನು ಏನೆಂದು ಕರೆಯಬೇಕು ಎಂಬುದಕ್ಕೆ ಅವರ ಬಳಿ ಪದವೇ ಇರಲಿಲ್ಲ. ಪದವಿಲ್ಲದೆಯೂ ಬರೆದರು. ಅವರ ಮೇಲೆ ನನಗಿರುವ ಗೌರವಕ್ಕೆ ಅಷ್ಟು ಸಾಕು.

ಬರೆದಿಟ್ಟಿದ್ದರೆ ನೂರು ವರ್ಷ ಯಾರಿಗೂ ಗೊತ್ತಾಗಲಿಲ್ಲವೇಕೆ?

ಇಬ್ಬರ ವರದಿಗಳೂ ಅಚ್ಚಾಗಲಿಲ್ಲ. ಕೈಬರಹದಲ್ಲಿಯೇ ಉಳಿದವು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಜಾನ್ ಎಚ್. ಎವಾನ್ಸ್ ಎಂಬ ಪುರಾತತ್ವಜ್ಞ ಅವನ್ನು ಮತ್ತೆ ಪತ್ತೆಹಚ್ಚಿ, 1948ರಲ್ಲಿ ಕೆಂಟ್ ಪುರಾತತ್ವ ಸಂಘದ ಸಂಪುಟದಲ್ಲಿ ಅವುಗಳ ಕುರಿತು ಬರೆದ. ಸ್ಮೈತ್ ಹೆಸರು ಸಮಾಧಿಗೆ ಅಂಟಿಕೊಂಡದ್ದು ಆಗ. ಹೊಲದಲ್ಲಿ ಕಳೆದುಹೋದದ್ದು ಹೀಗೆ ಹಳೆಯ ಕಾಗದಗಳ ನಡುವೆ ಮರಳಿ ಸಿಕ್ಕಿತು. ಅಗೆಯುವುದು ಎಂದರೆ ಗುದ್ದಲಿಯ ಕೆಲಸ ಮಾತ್ರ ಎಂದು ತಿಳಿದವರಿಗೆ ನಾನು ಎವಾನ್ಸ್‌ನ ಉದಾಹರಣೆ ಕೊಡುತ್ತೇನೆ.

ಮೂಳೆ ಇಲ್ಲ, ಕಲ್ಲಿಲ್ಲ, ಮಣ್ಣೂ ಉತ್ತುಹೋಗಿದೆ. ಹಾಗಿದ್ದರೆ ನವಶಿಲಾಯುಗದ್ದೇ ಎಂದು ಹೇಗೆ ಹೇಳುತ್ತೀರಿ?

ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ನೇರ ಕಾಲನಿರ್ಣಯ ಸಾಧ್ಯವೇ ಇಲ್ಲ. ಇಂಗಾಲ-14 ಪರೀಕ್ಷೆಗೆ ಮೂಳೆಯೋ ಇದ್ದಿಲೋ ಬೇಕು. ಇಲ್ಲಿ ಎರಡೂ ಇಲ್ಲ. ಉಳಿದಿರುವ ದಾರಿ ಒಂದೇ: ಅಕ್ಕಪಕ್ಕದವರನ್ನು ವಿಚಾರಿಸುವುದು.

ಮೆಡ್‌ವೇ ನದಿಯ ಎರಡೂ ಕಡೆ ಇಂಥದೇ ಸಮಾಧಿಗಳ ಒಂದು ಗುಂಪಿದೆ. ಒಟ್ಟಾಗಿ ಇವನ್ನು ಮೆಡ್‌ವೇ ಮೆಗಾಲಿತ್‌ಗಳು ಎನ್ನುತ್ತಾರೆ. ಪಶ್ಚಿಮಕ್ಕೆ ಕೋಲ್ಡ್ರಮ್, ಆಡಿಂಗ್ಟನ್, ಚೆಸ್ಟ್‌ನಟ್ಸ್. ಪೂರ್ವಕ್ಕೆ ಕಿಟ್ಸ್ ಕೋಟಿ ಹೌಸ್, ಲಿಟಲ್ ಕಿಟ್ಸ್ ಕೋಟಿ ಹೌಸ್ ಮತ್ತು ನಮ್ಮ ಸ್ಮೈತ್. ಪೂರ್ವದಲ್ಲಿಯೇ ಇರುವ ಕಾಫಿನ್ ಸ್ಟೋನ್ ಮತ್ತು ವೈಟ್ ಹಾರ್ಸ್ ಸ್ಟೋನ್ ಎಂಬ ಎರಡು ಬಿಡಿ ಬಂಡೆಗಳು ಅಳಿದುಹೋದ ಸಮಾಧಿಗಳ ಅವಶೇಷಗಳಿರಬಹುದು ಎಂಬ ವಾದವಿದೆ. ಉಳಿದ ಸಮಾಧಿಗಳಲ್ಲಿ ಕಾಣುವ ಲಕ್ಷಣಗಳೇ ಸ್ಮೈತ್ ಮತ್ತು ಚಾರ್ಲ್ಸ್ ಕಂಡ ಕೋಣೆಯಲ್ಲಿಯೂ ಇದ್ದವು: ಅದೇ ಜಾತಿಯ ಕಲ್ಲು, ಪೂರ್ವದ ತುದಿಯಲ್ಲಿ ಕೋಣೆ, ಒಳಗೆ ಮೂಳೆ.

ಇನ್ನು ಕಾಲ. ಕೋಲ್ಡ್ರಮ್‌ನಲ್ಲಿ 1910ರಲ್ಲಿ ಬೆನೆಟ್ ಎಂಬವರು ಅಗೆದಾಗ ಸಿಕ್ಕ ಮೂಳೆಗಳು ಅದೃಷ್ಟಕ್ಕೆ ಉಳಿದುಕೊಂಡಿದ್ದವು. ಅವನ್ನು ಮರುಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿ ಕನಿಷ್ಠ 17 ಜನರ ಅವಶೇಷಗಳಿದ್ದವು. ಅತಿ ಹಳೆಯವು ಕ್ರಿ.ಪೂ. 3980 ಮತ್ತು 3800ರ ನಡುವಿನವು. ಬ್ರಿಟನ್ನಿನಲ್ಲಿ ಬೇಸಾಯ ಕಾಲಿಟ್ಟ ಹೊಸತರ ಕಾಲ ಅದು. ಒಂದೇ ಕಣಿವೆ, ಒಂದೇ ಕಟ್ಟಡ ಶೈಲಿ ಎಂದಮೇಲೆ ಸ್ಮೈತ್ ಸಮಾಧಿಯನ್ನೂ ಸರಿಸುಮಾರು ಆ ಕಾಲಕ್ಕೇ ಸೇರಿಸುತ್ತಾರೆ. ಇದು ಊಹೆಯಲ್ಲ, ಹೋಲಿಕೆಯಿಂದ ತೀರ್ಮಾನಿಸಿದ್ದು, ಎರಡಕ್ಕೂ ವ್ಯತ್ಯಾಸವಿದೆ. ಹಾಗೆಂದು ವರ್ಷ ನಮೂದಿಸಿ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಉದ್ದದಿಬ್ಬ ಎಂದರೆ ಏನು? ಅದನ್ನು ಕಟ್ಟುತ್ತಿದ್ದದ್ದು ಹೇಗೆ?

ನವಶಿಲಾಯುಗದ ಯುರೋಪಿನ ಪಶ್ಚಿಮ ಭಾಗಗಳಲ್ಲಿ ಹರಡಿದ್ದ ಸಮಾಧಿ ಪದ್ಧತಿ ಅದು. ಆಯತಾಕಾರಕ್ಕೆ ಸಮೀಪವಾದ ಉದ್ದನೆಯ ಮಣ್ಣಿನ ಗುಡ್ಡೆ ಹಾಕುತ್ತಿದ್ದರು. ಎಲ್ಲ ದಿಬ್ಬಗಳಿಗೂ ಕಲ್ಲಿನ ಕೋಣೆ ಇರುತ್ತಿರಲಿಲ್ಲ. ಕೆಂಟ್‌ನಲ್ಲಿಯೇ ಸ್ಟೌರ್ ನದಿಯ ಬಳಿಯ ದಿಬ್ಬಗಳು ಬರಿ ಮಣ್ಣಿನವು. ಕಲ್ಲು ಸಿಗುವ ಕಡೆ ಮಾತ್ರ ಕಲ್ಲಿನ ಕೋಣೆ ಎಂದುಬಿಟ್ಟರೆ ಸುಲಭದ ವಿವರಣೆಯಾಗುತ್ತದೆ, ಆದರೆ ಅಷ್ಟೇ ಅಲ್ಲ. ಹಾಗೆ ಕಟ್ಟಬೇಕೆಂಬ ಒಂದು ತಿಳಿವಳಿಕೆ ಜನರೊಡನೆ ಬಂದಿತ್ತು ಅಥವಾ ಇಲ್ಲಿ ಬೆಳೆದಿತ್ತು. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಕಲ್ಲಿನ ಕೋಣೆಯಿರುವ ಗುಂಪು ಮೆಡ್‌ವೇಯದ್ದು ಮಾತ್ರ. ಅದಕ್ಕೆ ಪ್ರೇರಣೆ ಎಲ್ಲಿಂದ ಬಂತು ಎಂಬುದರ ಬಗ್ಗೆ ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಜರ್ಮನಿ ಮತ್ತು ಸ್ಕ್ಯಾಂಡಿನೇವಿಯದ ಕಡೆ ಬೆರಳು ತೋರಿದವರಿದ್ದಾರೆ, ಇಂಗ್ಲೆಂಡಿನ ಪಶ್ಚಿಮದ ಸಮಾಧಿಗಳ ಕಡೆ ತೋರಿದವರೂ ಇದ್ದಾರೆ.

ಕಲ್ಲಿನ ಹೆಸರು ಸಾರ್ಸನ್. ಮರಳು ಸಿಲಿಕಾದಿಂದ ಬೆಸೆದುಕೊಂಡು ಗಟ್ಟಿಯಾದ ಬಂಡೆ. ಬಹಳ ಕಠಿಣ, ಬಹಳ ಭಾರ. ಅದನ್ನು ದೂರದಿಂದ ತರಬೇಕಾಗಿರಲಿಲ್ಲ, ಕಣಿವೆಯಲ್ಲಿಯೇ ಹರಡಿ ಬಿದ್ದಿತ್ತು. ಚಕ್ರವಿಲ್ಲದ, ಲೋಹವಿಲ್ಲದ ಜನ ಅದನ್ನು ಆರಿಸಿ, ಎಳೆದು, ಕುಳಿ ತೋಡಿ ನಿಲ್ಲಿಸಿ, ಮೇಲೆ ಮುಚ್ಚಳದ ಕಲ್ಲನ್ನು ಏರಿಸಿದರು. ನಮ್ಮ ಹಳ್ಳಿಗಳಲ್ಲಿ ತೇರು ಎಳೆಯುವಾಗ ಹಗ್ಗ ಹಿಡಿದವರಿಗೆ ಗೊತ್ತು, ಭಾರವೊಂದು ಅಲುಗುವ ಮುಂಚೆ ಎಷ್ಟು ಕೈಗಳು ಒಂದೇ ಉಸಿರಿನಲ್ಲಿ ಜಗ್ಗಬೇಕು ಎಂಬುದು.

ಕಟ್ಟಿದವರು ಯಾರು? ಅವರ ಮನೆಗಳು ಸಿಕ್ಕಿವೆಯೇ?

ಯುರೋಪಿನ ಭೂಖಂಡದಿಂದ ಬಂದ ಬೇಸಾಯಗಾರರ ಮತ್ತು ಪಶುಪಾಲಕರ ಸಂತತಿ. ಹಳೆಯ ಮೂಳೆಗಳ ಡಿಎನ್‌ಎ ಅಧ್ಯಯನಗಳು ಬ್ರಿಟನ್ನಿನ ನವಶಿಲಾಯುಗದ ಜನರ ಬೇರನ್ನು ಬಹುಪಾಲು ಏಜಿಯನ್ ಸಮುದ್ರದ ಸುತ್ತಲಿನ ಮೊದಲ ರೈತರವರೆಗೂ ಒಯ್ಯುತ್ತವೆ. ದನ ಸಾಕುತ್ತಿದ್ದರು, ಧಾನ್ಯ ಬೆಳೆಯುತ್ತಿದ್ದರು, ಮಡಕೆ ಮಾಡುತ್ತಿದ್ದರು.

ಅವರ ಮನೆಗಳು ಅಪರೂಪಕ್ಕೆ ಸಿಗುತ್ತವೆ. ಸತ್ತವರಿಗೆ ಕಲ್ಲಿನ ಮನೆ, ಬದುಕಿದವರಿಗೆ ಮರದ ಮನೆ. ಮರ ಕೊಳೆತು ಮಣ್ಣಿಗೆ ಸೇರಿತು. ಆದರೆ ಇದೇ ಕಣಿವೆಯಲ್ಲಿ ಒಂದು ಸಿಕ್ಕಿದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಡಿಯ ಸುರಂಗಕ್ಕೆ ಹೋಗುವ ವೇಗದ ರೈಲು ಮಾರ್ಗ ಹಾಕುವ ಮುನ್ನ ವೈಟ್ ಹಾರ್ಸ್ ಸ್ಟೋನ್ ಬಳಿ ಉತ್ಖನನ ನಡೆಸಿದಾಗ, ಕಂಬಗಳನ್ನು ನೆಟ್ಟು ಕಟ್ಟಿದ್ದ ಸುಮಾರು 18 ಮೀಟರ್ ಉದ್ದದ ಮನೆಯ ಗುರುತುಗಳು ಕಂಡವು. ಕಾಲ ಕ್ರಿ.ಪೂ. 4000ದ ಆಸುಪಾಸು. ಉಳಿದದ್ದು ಕಂಬದ ಕುಳಿಗಳ ಕಪ್ಪು ಮಣ್ಣು ಮಾತ್ರ. ಅದರಿಂದಲೇ ಮನೆಯ ಉದ್ದಗಲ ಓದಲು ಸಾಧ್ಯವಾಯಿತು. ಸ್ಮೈತ್ ಸಮಾಧಿಯಲ್ಲಿ ಮಲಗಿದ್ದವರಿಗೆ ಆ ಮನೆ ಗೊತ್ತಿತ್ತೋ ಅವರ ಅಜ್ಜಂದಿರಿಗೆ ಗೊತ್ತಿತ್ತೋ, ನೆರೆಹೊರೆಯಂತೂ ಹೌದು.

ಊರಿನವರನ್ನೆಲ್ಲ ಅಲ್ಲಿ ಹೂಳುತ್ತಿದ್ದರೇ?

ಇಲ್ಲ. ಕೋಲ್ಡ್ರಮ್‌ನ ಲೆಕ್ಕವನ್ನೇ ನೋಡಿ: ಇಷ್ಟು ದೊಡ್ಡ ಕಟ್ಟಡ, ಸಿಕ್ಕವರು ಹದಿನೇಳು. ಅವರಲ್ಲಿ ದೊಡ್ಡವರಿದ್ದರು, ಮಕ್ಕಳೂ ಇದ್ದರು. ಯಾರನ್ನು ಆರಿಸುತ್ತಿದ್ದರು, ಏಕೆ ಎಂಬುದು ಮೂಳೆಗಳು ಹೇಳದ ಮಾತು. ಅಲ್ಲಿನ ಕೆಲವು ಮೂಳೆಗಳ ಮೇಲೆ ಕೊಯ್ದ ಗುರುತುಗಳಿವೆ. ದೇಹವನ್ನು ಬಿಡಿಸಿ ಮೂಳೆಗಳನ್ನು ಇಟ್ಟಿರುವ ಸಾಧ್ಯತೆಯನ್ನು ಅವು ಸೂಚಿಸುತ್ತವೆ. ಆದ್ದರಿಂದ ಇವನ್ನು ನಮ್ಮ ಅರ್ಥದ ಹೂಳುವ ಗುಂಡಿಯೆಂದು ಭಾವಿಸುವುದಕ್ಕಿಂತ, ಬಾಗಿಲು ತೆರೆದು ಮತ್ತೆ ಒಳಹೋಗಬಹುದಾಗಿದ್ದ ಅಸ್ಥಿಯ ಮನೆ ಎಂದು ನೋಡುವುದು ಮೇಲು. ಹಿರಿಯರ ಮೂಳೆಗಳಿರುವ ಕಲ್ಮನೆ ಆ ನೆಲಕ್ಕೆ ಇವರು ಸೇರಿದವರು ಎಂಬುದಕ್ಕೆ ಸಾಕ್ಷಿಯಾಗಿಯೂ ನಿಂತಿರಬೇಕು.

ಸ್ಮೈತ್ ಸಮಾಧಿಯ ಮೂಳೆಗಳ ಮೇಲೆ ಅಂಥ ಗುರುತು ಇತ್ತೇ ಎಂದು ಕೇಳುವಂತಿಲ್ಲ. ಅವು ಹೊಲದಲ್ಲಿ ಹರಡಿಹೋದವು.

ಸ್ಟೋನ್‌ಹೆಂಜ್‌ಗಿಂತ ಹಳೆಯದೇ?

ಹೌದು. ಇಂಗ್ಲೆಂಡಿನ ಹೆಸರಾಂತ ಕಲ್ಲಿನ ವೃತ್ತವಾದ ಸ್ಟೋನ್‌ಹೆಂಜ್‌ನ ಮೊದಲ ಕಂದಕ ಕ್ರಿ.ಪೂ. 3000ದ ಸುಮಾರಿನದು, ಅದರ ದೊಡ್ಡ ಸಾರ್ಸನ್ ಕಲ್ಲುಗಳನ್ನು ನಿಲ್ಲಿಸಿದ್ದು ಕ್ರಿ.ಪೂ. 2500ರ ಸುಮಾರಿಗೆ. ಗೀಜಾದ ಮಹಾ ಪಿರಮಿಡ್ ಕೂಡ ಆ ಕಾಲದ್ದೇ. ಮೆಡ್‌ವೇಯ ಸಮಾಧಿಗಳು ಇವೆರಡಕ್ಕಿಂತ ಸಾವಿರ ವರ್ಷಕ್ಕೂ ಹೆಚ್ಚು ಹಿರಿಯವು.

1822ಕ್ಕೆ ಮುಂಚೆ ಅದು ಕಾಣುತ್ತಿರಲಿಲ್ಲವೇ? ದಿಬ್ಬವೊಂದು ಮಾಯವಾಗುವುದು ಹೇಗೆ?

ಎರಡು ಕೈಗಳು ಸೇರಿ ಮಾಯಮಾಡುತ್ತವೆ. ಮೊದಲನೆಯದು ಬೇಕೆಂದೇ ಕೆಡವುವ ಕೈ. ಚೆಸ್ಟ್‌ನಟ್ಸ್ ಸಮಾಧಿಯನ್ನು 1957ರಲ್ಲಿ ಜಾನ್ ಅಲೆಕ್ಸಾಂಡರ್ ಅಗೆದಾಗ, ಹನ್ನೆರಡು ಹದಿಮೂರನೆಯ ಶತಮಾನದ ಹೊತ್ತಿಗೆ ಯಾರೋ ದಿಬ್ಬವನ್ನು ತೋಡಿ ಕೋಣೆಯನ್ನು ಕೆಡವಿದ್ದರ ಕುರುಹುಗಳು ಕಂಡವು. ನಿಧಿಗಾಗಿ ಎಂಬುದು ಅವರ ಅಭಿಪ್ರಾಯ. ಅದೇ ಶತಮಾನಗಳಲ್ಲಿ ಇಂಗ್ಲೆಂಡಿನ ಬೇರೆಡೆ ನಿಧಿಗಾಗಿ ದಿಬ್ಬಗಳನ್ನು ತೆರೆಯಲು ರಾಜಾಜ್ಞೆಯೇ ಹೊರಟ ದಾಖಲೆಯಿದೆ. ಕ್ರೈಸ್ತ ಶ್ರದ್ಧೆ ಇವನ್ನು ಅನ್ಯಧರ್ಮದ ಕುರುಹುಗಳೆಂದು ಕೆಡವಿಸಿರಬಹುದು ಎಂದವರೂ ಇದ್ದಾರೆ. ಮೆಡ್‌ವೇಯ ಸಮಾಧಿಗಳಲ್ಲಿ ಹಲವು ಒಂದೇ ಬಗೆಯಲ್ಲಿ ಹಾಳಾಗಿರುವುದರಿಂದ ಸ್ಮೈತ್ ಸಮಾಧಿಗೂ ಮಧ್ಯಯುಗದಲ್ಲಿಯೇ ಮೊದಲ ಪೆಟ್ಟು ಬಿದ್ದಿರುವುದು ಸಂಭವ.

ಎರಡನೆಯದು ನೇಗಿಲು. ಅದಕ್ಕೆ ದ್ವೇಷವೂ ಇಲ್ಲ, ಅವಸರವೂ ಇಲ್ಲ. ವರ್ಷಕ್ಕೆ ಒಂದಿಷ್ಟು ಮಣ್ಣನ್ನು ದಿಬ್ಬದ ನೆತ್ತಿಯಿಂದ ಕೆಳಕ್ಕೆ ಜಾರಿಸುತ್ತದೆ. ಇದನ್ನು ಕಿಟ್ಸ್ ಕೋಟಿಯಲ್ಲಿ ಚೆನ್ನಾಗಿ ನೋಡಬಹುದು. ಹಳೆಯ ಸ್ಮಾರಕಗಳನ್ನು ದಾಖಲಿಸುತ್ತಿದ್ದ ವಿಲಿಯಂ ಸ್ಟುಕ್ಲಿ 1722ರಲ್ಲಿ ಬಿಡಿಸಿದ ಚಿತ್ರದಲ್ಲಿ ಉದ್ದನೆಯ ದಿಬ್ಬ ಎದ್ದು ಕಾಣುತ್ತದೆ, ಅದರ ಇನ್ನೊಂದು ತುದಿಯಲ್ಲಿ ‘ಸೇನಾಪತಿಯ ಸಮಾಧಿ’ ಎಂದು ಹೆಸರಾಗಿದ್ದ ಬಂಡೆಯೂ ಇದೆ. ಆ ಬಂಡೆಯನ್ನು 1867ರಲ್ಲಿ ಸಿಡಿಸಿದರು. ಇಂದು ಅಲ್ಲಿ ನಿಂತರೆ ದಿಬ್ಬ ಇತ್ತೆಂಬುದೇ ಮೊದಲ ನೋಟಕ್ಕೆ ಹೊಳೆಯದು.

ಕಲ್ಲುಗಳನ್ನು ಕಿತ್ತ ಕೂಲಿಕಾರರೇ ತಪ್ಪಿತಸ್ಥರಲ್ಲವೇ?

ಈ ಮಾತಿಗೆ ನಾನು ಒಪ್ಪುವುದಿಲ್ಲ. ಅವರು ದಿನಗೂಲಿಯವರು. ಹೊಲ ಅವರದಲ್ಲ, ಹೊಲ ಹಸನುಮಾಡುವ ಕೆಲಸ ಅವರದು. ಕಲ್ಲನ್ನು ಬಿಟ್ಟು ಉತ್ತರೆ ನೇಗಿಲ ಗುಳ ಮುರಿಯುತ್ತದೆ, ಬೈಗುಳ ಅವರಿಗೆ. ಕಾನೂನು ಇರಲಿಲ್ಲ, ಬ್ರಿಟನ್ನಿನ ಮೊದಲ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆ ಬಂದದ್ದು 1882ರಲ್ಲಿ, ಸಮಾಧಿ ಹಾಳಾಗಿ ಅರವತ್ತು ವರ್ಷಗಳಾದ ಮೇಲೆ. ಆ ಕಾಯಿದೆಗಾಗಿ ವರ್ಷಗಟ್ಟಲೆ ಹೋರಾಡಿದ ಜಾನ್ ಲಬಕ್ ಇದೇ ಕೆಂಟ್‌ನಲ್ಲಿ ವಾಸವಾಗಿದ್ದವರು. ‘ನವಶಿಲಾಯುಗ’ ಎಂಬ ಕಲ್ಪನೆಗೆ 1865ರಲ್ಲಿ ಹೆಸರು ಕೊಟ್ಟವರೂ ಅವರೇ. ಕಾಯಿದೆಯ ಮೊದಲ ಪಟ್ಟಿಯಲ್ಲಿಯೇ ಕಿಟ್ಸ್ ಕೋಟಿ ಹೌಸ್ ಸೇರಿತು, ಸುತ್ತ ಕಬ್ಬಿಣದ ಬೇಲಿ ಬಂತು. ಬೇಲಿ ಅಂದವಾಗಿಲ್ಲ ಎಂದು ಪ್ರವಾಸಿಗರು ದೂರುತ್ತಾರೆ. ಸ್ಮೈತ್ ಸಮಾಧಿಯ ಗತಿಯನ್ನು ಬಲ್ಲ ನನಗೆ ಆ ಬೇಲಿ ಅಂದವಾಗಿಯೇ ಕಾಣುತ್ತದೆ.

ಕೂಲಿಕಾರರ ಹೆಸರು ಈ ಕಥೆಯಲ್ಲಿ ಬರುವುದಿಲ್ಲ. ಆದರೆ ನೇಗಿಲು ನಿಲ್ಲಿಸಿ, ನೋಡುವವರು ಬರುವವರೆಗೆ ಕಲ್ಲುಗಳನ್ನು ಹಾಗೇ ಇರಗೊಟ್ಟರಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸುತ್ತಲಿನ ಉಳಿದ ಸಮಾಧಿಗಳ ಸ್ಥಿತಿ ಹೇಗಿದೆ?

ಒಂದೊಂದರದು ಒಂದೊಂದು ಗತಿ. ಕಿಟ್ಸ್ ಕೋಟಿಯಲ್ಲಿ ಮೂರು ನಿಂತ ಕಲ್ಲು, ಮೇಲೊಂದು ಮುಚ್ಚಳ. 1669ರಲ್ಲಿ, ತನ್ನ ದಿನಚರಿಯಿಂದಲೇ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಇದನ್ನು ನೋಡಿ ಅದರಲ್ಲಿ ಬರೆದುಕೊಂಡ. ಸ್ವಲ್ಪ ಕೆಳಗಿರುವ ಲಿಟಲ್ ಕಿಟ್ಸ್ ಕೋಟಿಯನ್ನು 1690ರ ಸುಮಾರಿಗೆ ಕೆಡವಿದರು. ಈಗ ಅದು ಉರುಳಿದ ಬಂಡೆಗಳ ರಾಶಿ, ಹೆಸರು ‘ಎಣಿಸಲಾಗದ ಕಲ್ಲುಗಳು’. ಒಬ್ಬ ಬ್ರೆಡ್ ಮಾರುವವನು ಕಲ್ಲಿಗೊಂದರಂತೆ ರೊಟ್ಟಿ ಇಟ್ಟು ಎಣಿಸಲು ಹೋಗಿ ಸೋತ ಎಂದು ಅಲ್ಲಿನವರ ಕಥೆ. ಕಾಫಿನ್ ಸ್ಟೋನ್ ಬಳಿ 1836ರಲ್ಲಿ ತಲೆಬುರುಡೆಗಳು ಸಿಕ್ಕಿದ್ದವು. ಆದರೆ 2008-09ರ ಉತ್ಖನನ ಆ ಬಂಡೆ ಈಗಿನ ಜಾಗಕ್ಕೆ ಬಂದದ್ದು ಬಹಳ ಈಚೆಗೆ ಎಂದು ತೋರಿಸಿತು. ಚೆಸ್ಟ್‌ನಟ್ಸ್‌ನ ಕಲ್ಲುಗಳನ್ನು ಉತ್ಖನನದ ನಂತರ ಮತ್ತೆ ನಿಲ್ಲಿಸಿದ್ದಾರೆ. ಕೋಲ್ಡ್ರಮ್ 1926ರಿಂದ ಪರಂಪರೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ, ಎಲ್ಲಕ್ಕಿಂತ ಸುಸ್ಥಿತಿಯಲ್ಲಿರುವುದೂ ಅದೇ.

ವೈಟ್ ಹಾರ್ಸ್ ಸ್ಟೋನ್‌ಗಳು ಹಿಂದೆ ಎರಡಿದ್ದವು. ಕೆಳಗಿನದು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಒಡೆದುಹೋಯಿತು. ಸ್ಮೈತ್ ಸಮಾಧಿ ಅಳಿದ ಕಾಲಕ್ಕೆ ಇದೂ ಹತ್ತಿರ. ಆ ಕಣಿವೆಯ ಹೊಲಗಳಿಗೆ ಆಗ ಕಲ್ಲಿನ ಮೇಲೆ ಕರುಣೆ ಇರಲಿಲ್ಲ.

ಹಿರೇಬೆಣಕಲ್ಲಿನ ಮೋರ್ಯರ ಮನೆಗಳಿಗೂ ಇವಕ್ಕೂ ಸಂಬಂಧವಿದೆಯೇ?

ನೋಡಲು ಎಷ್ಟು ಹತ್ತಿರವೋ ವಂಶದಲ್ಲಿ ಅಷ್ಟು ದೂರ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡ ಹತ್ತಿದವರಿಗೆ ಕಿಟ್ಸ್ ಕೋಟಿಯ ಚಿತ್ರ ನೋಡಿದೊಡನೆ ಪರಿಚಯದ ಮುಖ ಕಂಡಂತಾಗುತ್ತದೆ. ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಹಾಸುಗಲ್ಲು. ಆದರೆ ನಮ್ಮ ಬೃಹತ್ ಶಿಲಾ ಸಮಾಧಿಗಳು ಮುಖ್ಯವಾಗಿ ಕಬ್ಬಿಣ ಬಲ್ಲ ಜನರವು, ಕ್ರಿಸ್ತಪೂರ್ವ ಕೊನೆಯ ಸಾವಿರ ವರ್ಷಗಳ ಮತ್ತು ಅದರ ಆಚೀಚೆಯವು. ಮೆಡ್‌ವೇಯವು ಅದಕ್ಕಿಂತ ಎರಡೂವರೆ ಮೂರು ಸಾವಿರ ವರ್ಷ ಹಿಂದಿನ, ಲೋಹವನ್ನೇ ಕಾಣದ ರೈತರವು. ಅವು ಎದ್ದು ನಿಂತಾಗ ನಮ್ಮ ಬಳ್ಳಾರಿ ಸೀಮೆಯ ಸಂಗನಕಲ್ಲಿನಲ್ಲಿ, ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಎದ್ದ ಬೂದಿದಿಬ್ಬಗಳೂ ಇನ್ನೂ ಹುಟ್ಟಿರಲಿಲ್ಲ. ಮನುಷ್ಯ ತನ್ನವರ ಮೂಳೆಗೆ ಕಲ್ಲಿನ ಮನೆ ಕಟ್ಟುವ ಯೋಚನೆಯನ್ನು ಬೇರೆ ಬೇರೆ ನೆಲದಲ್ಲಿ ಬೇರೆಯಾಗಿಯೇ ಮಾಡಿದ್ದಾನೆ.

ಈ ಹೋಲಿಕೆ ಒಂದು ಕಾಲದ ವಿದ್ವಾಂಸರನ್ನೇ ದಾರಿ ತಪ್ಪಿಸಿತ್ತು. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜೇವರ್ಗಿ, ರಾಜನಕೋಳೂರು ಮುಂತಾದೆಡೆ ಇಂಥ ಸಮಾಧಿಗಳನ್ನು ಅಗೆದು, ಅಳೆದು ದಾಖಲಿಸಿದ. ತನ್ನ ನಾಡಿನ ಕಲ್ಲುಗಳನ್ನು ನೆನೆದು ದಖ್ಖನ್ನಿನವನ್ನೂ ಯುರೋಪ್ ಮತ್ತು ಮಧ್ಯ ಏಷ್ಯದ ಹಳೆಯ ಜನರ ಹೆಸರಿನಲ್ಲಿ ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಸ್ಮಾರಕಗಳೆಂದು ಕರೆದ. ಹೆಸರು ತಪ್ಪಾಯಿತು, ಅಳತೆ ಮತ್ತು ವಿವರಣೆ ಉಳಿಯಿತು. ಇಂದಿಗೂ ಅವನ ಬರಹವನ್ನು ತೆರೆಯಬೇಕಾಗುತ್ತದೆ. ಸ್ಮೈತ್ ಮತ್ತು ಚಾರ್ಲ್ಸ್‌ರ ಸಾಲಿನಲ್ಲಿ ನಾನು ಅವನನ್ನು ಕೂರಿಸುವುದು ಇದಕ್ಕೇ. ನಮ್ಮ ಸಮಾಧಿಗಳ ಕಾಲದ ಪ್ರಶ್ನೆಗೆ ಗಟ್ಟಿ ನೆಲ ಸಿಕ್ಕಿದ್ದು 1947ರಲ್ಲಿ, ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಅಗೆದಾಗ. ಎವಾನ್ಸ್ ಕೆಂಟ್‌ನ ಕಳೆದುಹೋದ ಸಮಾಧಿಯನ್ನು ಅಚ್ಚಿಗೆ ತಂದದ್ದು ಅದರ ಮರುವರ್ಷ.

ಇನ್ನೊಂದು ಹೋಲಿಕೆ ನನಗೆ ಇಷ್ಟ. ಕಟ್ಟಿದವರ ನೆನಪು ಅಳಿದ ಮೇಲೆ ಎರಡೂ ನಾಡಿನ ಜನ ಕಲ್ಲುಗಳಿಗೆ ತಮ್ಮ ಕಥೆ ಹೊದಿಸಿದರು. ನಮ್ಮಲ್ಲಿ ಗಿಡ್ಡ ದೇಹದ ಮೋರ್ಯರು ಕಟ್ಟಿದರು, ಪಾಂಡವರು ವನವಾಸದಲ್ಲಿ ಉಳಿದರು ಎನ್ನುತ್ತಾರೆ. ಕೆಂಟ್‌ನಲ್ಲಿ, ಏಲ್ಸ್‌ಫರ್ಡ್‌ನ ಹಳೆಯ ಕಾಳಗದಲ್ಲಿ ಮಡಿದ ಕ್ಯಾಟಿಗರ್ನ್ ಎಂಬ ರಾಜಕುಮಾರನ ಗೋರಿಯೇ ಕಿಟ್ಸ್ ಕೋಟಿ ಎನ್ನುತ್ತಾರೆ. ಸ್ಮೈತ್ ಸಮಾಧಿಗೆ ಮಾತ್ರ ಕಥೆಯಿಲ್ಲ. ಕಥೆ ಹುಟ್ಟುವಷ್ಟು ಕಾಲ ಅದು ಕಣ್ಣಿಗೆ ಬೀಳಲಿಲ್ಲ.

ನಮ್ಮ ಹೊಲದಲ್ಲಿ ಇಂಥದ್ದು ಸಿಕ್ಕರೆ ಏನು ಮಾಡಬೇಕು?

ಕೆಲಸ ನಿಲ್ಲಿಸಿ. ಕಲ್ಲನ್ನು ಅಲುಗಿಸಬೇಡಿ, ಮಡಕೆ ಚೂರು, ಮೂಳೆ, ಕಬ್ಬಿಣದ ತುಂಡು ಏನೇ ಕಂಡರೂ ಇದ್ದಲ್ಲಿಂದ ಎತ್ತಬೇಡಿ. ವಸ್ತುವಿಗಿಂತ ಅದು ಇದ್ದ ಜಾಗ, ಆಳ, ದಿಕ್ಕು ಹೆಚ್ಚು ಮಾತಾಡುತ್ತವೆ. ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ಕೋಲೋ ಟೇಪೋ ಇಡಿ. ಯಾವ ಸರ್ವೆ ನಂಬರ್, ಉತ್ತರ ಯಾವ ಕಡೆ, ಯಾವ ದಿನ ಎಂದು ಬರೆದುಕೊಳ್ಳಿ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಅಥವಾ ತಾಲ್ಲೂಕಿನ ತಹಶೀಲ್ದಾರರಿಗೆ ತಿಳಿಸಿ. ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರೂ ನೆರವಾಗುತ್ತಾರೆ.

ನಿಧಿಯ ಮಾತು ಎತ್ತುವವರನ್ನು ಹತ್ತಿರ ಸೇರಿಸಬೇಡಿ. ಚೆಸ್ಟ್‌ನಟ್ಸ್‌ನಲ್ಲಿ ಎಂಟುನೂರು ವರ್ಷಗಳ ಹಿಂದೆ ಗುಂಡಿ ತೋಡಿದವರೂ ನಮ್ಮ ಗುಡ್ಡಗಳಲ್ಲಿ ರಾತ್ರಿ ಗುದ್ದಲಿ ಹಿಡಿದು ಹೋಗುವವರೂ ಒಂದೇ ಮಾತನ್ನು ನಂಬಿದವರು. ಈ ಸಮಾಧಿಗಳಲ್ಲಿರುವುದು ಮೂಳೆ, ಮಡಕೆ, ತುಕ್ಕು ಹಿಡಿದ ಕಬ್ಬಿಣ. ಬಂಗಾರದ ಆಸೆಗೆ ಹಾಳಾದ ಕಲ್ಮನೆಗಳನ್ನು ನೋಡಿದಾಗ ಆಗುವ ಸಂಕಟವನ್ನು ನಾನು ಇಲ್ಲಿ ಬರೆದು ಮುಗಿಸಲಾರೆ.

ಹೋಗಿ ನೋಡಬಹುದೇ?

ಸ್ಮೈತ್ ಸಮಾಧಿಯನ್ನು ನೋಡಲಾಗದು. ಹೊಲದ ಮೇಲೆ ಏನೂ ಇಲ್ಲ. ಕಿಟ್ಸ್ ಕೋಟಿ, ಲಿಟಲ್ ಕಿಟ್ಸ್ ಕೋಟಿ, ಕೋಲ್ಡ್ರಮ್ ಸಾರ್ವಜನಿಕರಿಗೆ ತೆರೆದಿವೆ. ಲಂಡನ್ನಿನಲ್ಲಿರುವ ಕನ್ನಡಿಗರು ಒಂದು ದಿನದಲ್ಲಿ ಹೋಗಿ ಬರಬಹುದು. ಏಲ್ಸ್‌ಫರ್ಡ್‌ಗೆ ರೈಲಿದೆ, ಅಲ್ಲಿಂದ ಬ್ಲೂ ಬೆಲ್ ಹಿಲ್ ಕಡೆಗೆ ಏರುದಾರಿಯಲ್ಲಿ ನಡೆಯಬೇಕು. ಮಳೆಗಾಲವೆಂದು ಬೇರೆ ಕಾಲವಿಲ್ಲದ ಊರು ಅದು, ಕೆಸರಿಗೆ ತಕ್ಕ ಬೂಟು ಇರಲಿ. ಕಿಟ್ಸ್ ಕೋಟಿಯ ಬೇಲಿಯ ಬಳಿ ನಿಂತು ಕೆಳಗಿನ ಕಣಿವೆಯತ್ತ ನೋಡಿದರೆ ಉತ್ತ ಹೊಲಗಳು ಕಾಣುತ್ತವೆ.

ನೆಲದಡಿಯಲ್ಲಿ ಇನ್ನೂ ಏನಾದರೂ ಉಳಿದಿರಬಹು​ದೇ?

ಉಳಿದಿರಬಹುದು. ಕಲ್ಲನ್ನು ಕೀಳಬಹುದು, ಕಲ್ಲು ನಿಂತಿದ್ದ ಕುಳಿಯನ್ನು ಕೀಳಲಾಗದು. ತೋಡಿ ಮತ್ತೆ ತುಂಬಿದ ಮಣ್ಣು ಸುತ್ತಲಿನ ಮಣ್ಣಿನಿಂದ ಬಣ್ಣದಲ್ಲಿ, ತೇವದಲ್ಲಿ, ಕಾಂತಗುಣದಲ್ಲಿ ಬೇರೆಯಾಗಿಯೇ ಉಳಿಯುತ್ತದೆ. ದಿಬ್ಬಕ್ಕೆ ಮಣ್ಣು ತೆಗೆದ ಪಕ್ಕದ ಕಂದಕಗಳೂ ಹಾಗೆಯೇ. ಬೇಸಿಗೆ ಒಣಗಿದ ವರ್ಷ ಇಂಥ ಕಂದಕಗಳ ಮೇಲಿನ ಪೈರು ಉಳಿದದ್ದಕ್ಕಿಂತ ಹೆಚ್ಚು ದಿನ ಹಸಿರಾಗಿರುತ್ತದೆ, ಆಕಾಶದಿಂದ ತೆಗೆದ ಚಿತ್ರದಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ವೈಟ್ ಹಾರ್ಸ್ ಸ್ಟೋನ್ ಬಳಿಯ ಮರದ ಮನೆಯನ್ನು ಓದಿದ್ದು ಕಂಬದ ಕುಳಿಗಳಿಂದಲೇ ಅಲ್ಲವೇ. ಹಾಗೆ ನೆಲವನ್ನು ಓದಲು ಹೊರಡುವವರು ಯಾರೇ ಆಗಲಿ, ಮೊದಲು ಬಿಡಿಸಿ ಓದಬೇಕಾದದ್ದು ಸ್ಮೈತ್ ಬರೆದಿಟ್ಟ ಆ ಹಾಳೆಗಳನ್ನು.